ಇ85 ಕಾರು ಮಿಸ್ ಹೊಡೆಯುತ್ತಿದೆಯೇ? ಮ್ಯಾಪ್ ಮುಟ್ಟುವ ಮೊದಲು ಇದನ್ನು ನೋಡಿ

ಪೆಟ್ರೋಲ್ ಕಾರನ್ನು ಇ85ಗೆ (ಹೆಸರಿಗೆ ಶೇ. 85 ಎಥನಾಲ್, ಉಳಿದದ್ದು ಪೆಟ್ರೋಲ್ ಇರುವ ಇಂಧನ) ಬದಲಿಸಿ ಸ್ಪರ್ಧೆಗೆ ಒಯ್ಯುವ ಎಂಜಿನಿಯರಿಂಗ್ ವಿದ್ಯಾರ್ಥಿ ತಂಡಗಳ ಜೊತೆ ಕೆಲಸ ಮಾಡುವಾಗ ನಾನು ಮತ್ತೆ ಮತ್ತೆ ಕಂಡ ತೊಂದರೆ ಒಂದೇ ಬಗೆಯದು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಹೇಗೋ ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಐಡಲಿಂಗ್ ಚೆನ್ನಾಗಿರುತ್ತದೆ, ನಿಧಾನಕ್ಕೆ ಓಡಿಸಿದರೆ ತಕರಾರಿಲ್ಲ. ಆಕ್ಸಿಲರೇಟರ್ ಮುಕ್ಕಾಲು ಒತ್ತಿ 4,000 ಆರ್‌ಪಿಎಂ ದಾಟಿಸಿದಿರೋ, ಗಾಡಿ ಮುಗ್ಗರಿಸುತ್ತದೆ, ಮಿಸ್ ಹೊಡೆಯುತ್ತದೆ, ಪಿಕಪ್ ಬಿದ್ದುಹೋಗುತ್ತದೆ. ಸ್ಕ್ಯಾನರ್ ಹಾಕಿದರೆ ಬಹುಪಾಲು ಸಲ ಪಿ0171 ಕೋಡ್, ಅಂದರೆ ಮಿಶ್ರಣ ಲೀನ್, ಗಾಳಿಗೆ ತಕ್ಕಷ್ಟು ಇಂಧನ ಇಲ್ಲ.

ಆಗ ತಂಡದವರ ಕೈ ಮೊದಲು ಹೋಗುವುದು ಲ್ಯಾಪ್‌ಟಾಪಿಗೆ, ಎಷ್ಟು ಇಂಧನ ಕೊಡಬೇಕೆಂದು ಎಂಜಿನ್ನಿನ ಕಂಪ್ಯೂಟರಿಗೆ (ಇಸಿಯು) ಹೇಳುವ ಕೋಷ್ಟಕಕ್ಕೆ, ಅಂದರೆ ಮ್ಯಾಪ್‌ಗೆ. ಲೀನ್ ಅಂತ ತೋರಿಸುತ್ತಿದೆ, ಹಾಗಾದರೆ ಮ್ಯಾಪ್‌ನಲ್ಲಿ ಇಂಧನ ಹೆಚ್ಚಿಸೋಣ ಎಂದು. ದಯವಿಟ್ಟು ಅಲ್ಲೇ ನಿಲ್ಲಿಸಿ. ತಂತಿಯಲ್ಲೋ ಪಂಪಿನಲ್ಲೋ ಇರುವ ದೋಷವನ್ನು ಮ್ಯಾಪ್‌ನಿಂದ ಮುಚ್ಚಲು ಹೋದರೆ ಆ ದೋಷ ಅಲ್ಲೇ ಉಳಿಯುತ್ತದೆ, ಅದರ ಮೇಲೆ ಹೊಸದೊಂದು ಕೂರುತ್ತದೆ. ಈ ಬರಹ ಪೂರ್ತಿ ಆ ಒಂದು ತಪ್ಪನ್ನು ತಪ್ಪಿಸುವುದಕ್ಕಾಗಿಯೇ.

ಎಷ್ಟು ಇಂಧನ ಬೇಕು ಎಂಬ ಲೆಕ್ಕ

ಮೊದಲು ಈ ಲೆಕ್ಕ ತಲೆಯಲ್ಲಿ ಗಟ್ಟಿಯಾಗಿರಲಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಶುದ್ಧ ಎಥನಾಲ್‌ಗೆ ಸುಮಾರು 9 ಗ್ರಾಂ, ಇ85ಗೆ ಸುಮಾರು 9.8 ಗ್ರಾಂ ಸಾಕು. ಎಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಇರುವುದರಿಂದ ತೂಕದಲ್ಲಿ ಒಂದೂವರೆ ಪಟ್ಟು ಇಂಧನ ಹೋಗಬೇಕು. ಇ85 ಪೆಟ್ರೋಲಿಗಿಂತ ಸ್ವಲ್ಪ ಸಾಂದ್ರವಾದ್ದರಿಂದ ಲೀಟರ್ ಲೆಕ್ಕದಲ್ಲಿ ಅದು ಸುಮಾರು ಶೇ. 42ರಷ್ಟು ಹೆಚ್ಚಾಗುತ್ತದೆ.

ಈಗ ಇದನ್ನು ಇಂಧನ ಸಿಂಪಡಿಸುವ ಇಂಜೆಕ್ಟರ್ ಮೇಲೆ ಇಟ್ಟು ನೋಡಿ. 6,000 ಆರ್‌ಪಿಎಂನಲ್ಲಿ ನಾಲ್ಕು ಸ್ಟ್ರೋಕ್ ಎಂಜಿನ್ನಿನ ಒಂದು ಪೂರ್ತಿ ಆವರ್ತಕ್ಕೆ, ಅಂದರೆ ಕ್ರ್ಯಾಂಕಿನ ಎರಡು ಸುತ್ತಿಗೆ, ಸಿಗುವುದು 20 ಮಿಲಿಸೆಕೆಂಡ್. ಪೆಟ್ರೋಲಿನಲ್ಲಿ 12 ಮಿಲಿಸೆಕೆಂಡ್ ತೆರೆದಿರುತ್ತಿದ್ದ ಇಂಜೆಕ್ಟರ್ ಇ85ಕ್ಕೆ 17 ಮಿಲಿಸೆಕೆಂಡ್ ತೆರೆದಿರಬೇಕು. ಅಂದರೆ ಡ್ಯೂಟಿ, ಇಂಜೆಕ್ಟರ್ ತೆರೆದಿರುವ ಹೊತ್ತಿನ ಪಾಲು, ಶೇ. 85. ಹಳೆಯ ಇಂಜೆಕ್ಟರನ್ನೇ ಇಟ್ಟುಕೊಂಡಿದ್ದರೆ ಗಡಿಯ ಹತ್ತಿರ ಬಂದುಬಿಟ್ಟಿರಿ ಅಂತಲೇ ಅರ್ಥ. ಪಂಪು, ಫಿಲ್ಟರು, ಪಂಪಿಗೆ ಹೋಗುವ ವೈರು ಎಲ್ಲದರ ಮೇಲೂ ಇದೇ ಹೊರೆ ಬೀಳುತ್ತದೆ. ಇಂಜೆಕ್ಟರ್ ಬದಲಿಸುವವರು ಸಾಕಷ್ಟು ಮಂದಿ, ವೈರ್ ಬದಲಿಸುವವರು ಕಡಿಮೆ.

ಬೆಂಕಿಯ ವಿಷಯ

ಇಂಧನದ ಲೈನ್ ಬಿಚ್ಚುವ ಮೊದಲು ಒತ್ತಡ ಇಳಿಸಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಎಥನಾಲ್ ಉರಿ ತೆಳು ನೀಲಿ, ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಇ85ನಲ್ಲಿ ಪೆಟ್ರೋಲ್ ಬೆರೆತಿರುವುದರಿಂದ ಸ್ವಲ್ಪ ಕಾಣುತ್ತದೆ, ಆದರೂ ನಂಬಬೇಡಿ. ಮಾಮೂಲಿ ನೊರೆಯ ಅಗ್ನಿಶಾಮಕ ಎಥನಾಲ್ ಮೇಲೆ ನಿಲ್ಲುವುದಿಲ್ಲ, ನೊರೆ ಒಡೆದುಹೋಗುತ್ತದೆ. ಆಲ್ಕೊಹಾಲ್ ತಡೆಯುವ ನೊರೆ ಅಥವಾ ಒಣ ಪುಡಿಯ ಸಿಲಿಂಡರ್ ಕೈಗೆಟುಕುವ ಜಾಗದಲ್ಲಿರಲಿ.

ಮೊದಲ ಪರೀಕ್ಷೆ: ಟ್ಯಾಂಕಿನಲ್ಲಿರುವುದು ನಿಜಕ್ಕೂ ಏನು?

ಡ್ರಮ್ ಮೇಲೆ ಇ85 ಎಂದು ಬರೆದಿದ್ದ ಮಾತ್ರಕ್ಕೆ ಒಳಗೆ ಶೇ. 85 ಎಥನಾಲ್ ಇರಬೇಕೆಂದಿಲ್ಲ. ಅಮೆರಿಕದಲ್ಲಿ ಬಳಕೆಯಲ್ಲಿರುವ ಎಎಸ್‌ಟಿಎಂ ಡಿ5798 ಮಾನಕದ ಪ್ರಕಾರ ಈ ಹೆಸರಿನ ಇಂಧನದಲ್ಲಿ ಎಥನಾಲ್ ಶೇ. 51ರಿಂದ 83ರವರೆಗೆ ಎಷ್ಟಾದರೂ ಇರಬಹುದು. ಚಳಿಗಾಲದಲ್ಲಿ ಸ್ಟಾರ್ಟ್ ಆಗಲಿ ಎಂದು ಪೆಟ್ರೋಲಿನ ಪಾಲನ್ನು ಬೇಕೆಂದೇ ಹೆಚ್ಚಿಸುತ್ತಾರೆ.

ಅಳೆಯುವುದು ಸುಲಭ. 100 ಮಿ.ಲೀ. ಅಳತೆ ಜಾಡಿಗೆ 50ರ ಗೆರೆಯವರೆಗೆ ನೀರು ಹಾಕಿ. ಅದರ ಮೇಲೆ 50 ಮಿ.ಲೀ. ಇಂಧನ ಸುರಿದು, ಬಾಯಿ ಮುಚ್ಚಿ, ಚೆನ್ನಾಗಿ ಅಲುಗಿಸಿ. ನಡುನಡುವೆ ಮುಚ್ಚಳ ಸಡಿಲಿಸಿ ಆವಿ ಹೋಗಲು ಬಿಡಿ. ಮೊದಲಿಗೆ ಜಾಡಿ ಪೂರ್ತಿ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಹದಿನೈದು ನಿಮಿಷ ಅಲುಗಿಸದೆ ಇಟ್ಟರೆ ಮೇಲಿನಿಂದ ತಿಳಿಯಾಗುತ್ತ ಬಂದು ಒಂದು ಗೆರೆ ಮೂಡುತ್ತದೆ: ಮೇಲೆ ಪೆಟ್ರೋಲ್, ಕೆಳಗೆ ನೀರೂ ಎಥನಾಲೂ ಕೂಡಿದ ದ್ರವ. ಗೆರೆ ಎಲ್ಲಿ ನಿಂತಿತೋ ಅದರಲ್ಲಿ 50 ಕಳೆದು ಎರಡರಿಂದ ಗುಣಿಸಿದರೆ ಎಥನಾಲ್ ಶೇಕಡಾವಾರು.

ಇಲ್ಲೊಂದು ಸೂಕ್ಷ್ಮವಿದೆ. ನೀರು, ಎಥನಾಲ್ ಬೆರೆತಾಗ ಒಟ್ಟು ಪರಿಮಾಣ ಕುಗ್ಗುತ್ತದೆ, 50 ಮಿ.ಲೀ. ನೀರಿಗೆ 50 ಮಿ.ಲೀ. ಎಥನಾಲ್ ಹಾಕಿದರೆ 100 ಆಗದೆ 96-97ಕ್ಕೇ ನಿಲ್ಲುತ್ತದೆ. ಹಾಗಾಗಿ ಸರಿಯಾದ ಇ85 ಕೂಡ ಈ ಜಾಡಿಯಲ್ಲಿ 78ರ ಆಸುಪಾಸು ತೋರಿಸುತ್ತದೆ. ಅದನ್ನು ಕಂಡು ಇಂಧನ ಕಲಬೆರಕೆ ಎಂದು ತೀರ್ಮಾನಿಸಬೇಡಿ. ನೀವೇ ಅಳೆದು ಬೆರೆಸಿದ ಮಾದರಿಯೊಂದನ್ನು ಮೊದಲು ಪರೀಕ್ಷಿಸಿ, ಅದರ ಗೆರೆಗೆ ಹೋಲಿಸಿ ನೋಡಿ.

ಇಂಧನದಲ್ಲಿ ಎಥನಾಲ್ ಎಷ್ಟಿದೆ ಎಂದು ಹೇಳುವ ಫ್ಲೆಕ್ಸ್ ಇಂಧನದ ಸೆನ್ಸರ್ ಹಾಕಿದ್ದರೆ ಅದನ್ನೂ ಜಾಡಿಯ ಜೊತೆ ತಾಳೆ ನೋಡಿ. ಹೆಚ್ಚಾಗಿ ಬಳಕೆಯಲ್ಲಿರುವ ಸೆನ್ಸರ್ ಶೂನ್ಯ ಎಥನಾಲ್‌ಗೆ 50 ಹರ್ಟ್ಝ್, ಪೂರ್ತಿ ಎಥನಾಲ್‌ಗೆ 150 ಹರ್ಟ್ಝ್ ಕೊಡುತ್ತದೆ. ಇ85ಗೆ 135 ಬರಬೇಕು. ಅದು ಅಳೆಯುವುದು ದ್ರವದ ಡೈಎಲೆಕ್ಟ್ರಿಕ್ ಗುಣವನ್ನು. ಪೆಟ್ರೋಲಿಗೆ ಅದು ಸುಮಾರು 2, ಎಥನಾಲ್‌ಗೆ ಸುಮಾರು 24, ನೀರಿಗೆ ಸುಮಾರು 80. ಆದ್ದರಿಂದ ಟ್ಯಾಂಕಿಗೆ ನೀರು ಸೇರಿದರೆ ಸೆನ್ಸರ್ ಎಥನಾಲ್ ಹೆಚ್ಚಿದೆ ಎಂದು ತಿಳಿಯುತ್ತದೆ. 150ರ ಮೇಲೆ ಹೋದರೆ ಟ್ಯಾಂಕ್ ಖಾಲಿ ಮಾಡಿ, ಮುಂದಿನ ಮಾತು ಆಮೇಲೆ.

ದೋಷ ಯಾವ ಕಡೆಗೆ ವಾಲುತ್ತದೆ ಎಂಬುದನ್ನೂ ಯೋಚಿಸಿ. ಮ್ಯಾಪ್ ಇ85ಗೆ ಬರೆದಿದ್ದು, ಟ್ಯಾಂಕಿನಲ್ಲಿ ಶೇ. 70 ಎಥನಾಲ್ ಇದ್ದರೆ ಕಾರು ರಿಚ್ (ಇಂಧನ ಹೆಚ್ಚು) ಆಗಬೇಕು, ಲೀನ್ ಅಲ್ಲ. ಎಥನಾಲ್ ಕಡಿಮೆ ಇದೆ, ಕಾರು ಲೀನ್ ಓಡುತ್ತಿದೆ ಎಂದಾದರೆ ಇಂಧನ ಕಾರಣವಲ್ಲ, ಬೇರೆಡೆ ಹುಡುಕಿ.

ಎರಡನೆಯದು: ಮೀಟರ್ ಹೇಳುವುದನ್ನು ಸರಿಯಾಗಿ ಓದಿ

ಒಂದು ತಂಡ, ಹೊಗೆಯಲ್ಲಿನ ಆಮ್ಲಜನಕದಿಂದ ಮಿಶ್ರಣ ತೋರಿಸುವ ವೈಡ್‌ಬ್ಯಾಂಡ್ ಮೀಟರಿನಲ್ಲಿ 14.7 ನೋಡಿ ಗಾಬರಿಯಾಗಿತ್ತು. "ಇ85ಗೆ 9.8 ಬರಬೇಕಲ್ವಾ ಸರ್, ಇಷ್ಟೊಂದು ಲೀನ್ ಇದೆ" ಅಂದರು. ಕಾರು ಆಗ ಸರಿಯಾಗಿಯೇ ಓಡುತ್ತಿತ್ತು. ಆಕ್ಸಿಜನ್ ಸೆನ್ಸರ್ ಅಳೆಯುವುದು ಲ್ಯಾಂಬ್ಡಾ ಮಾತ್ರ, ಅಂದರೆ ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇದೆ ಎಂಬ ಅಂಕಿ: 1 ಸರಿ, ಹೆಚ್ಚಾದರೆ ಲೀನ್, ಕಡಿಮೆಯಾದರೆ ರಿಚ್. ಇಂಧನ ಯಾವುದೆಂದು ಅದಕ್ಕೆ ಗೊತ್ತಿಲ್ಲ. ಲ್ಯಾಂಬ್ಡಾ 1 ಬಂದರೆ ಪೆಟ್ರೋಲ್ ಸ್ಕೇಲಿನ ಮೀಟರ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ. ಆ ಹುಡುಗರು ಮೀಟರಿನಲ್ಲಿ 9.8 ಕಾಣುವವರೆಗೆ ಇಂಧನ ಸುರಿದಿದ್ದರೆ ಲ್ಯಾಂಬ್ಡಾ 0.67ಕ್ಕೆ ಹೋಗಿ ಪ್ಲಗ್‌ಗಳು ಕಪ್ಪಾಗಿ ಹೋಗುತ್ತಿದ್ದವು. ಮೀಟರನ್ನು ಲ್ಯಾಂಬ್ಡಾಗೆ ಬದಲಿಸಿ ಹಾಗೇ ಬಿಡಿ. ಎಥನಾಲ್ ಆಗಲಿ ಮೆಥನಾಲ್ ಆಗಲಿ ಸಿಎನ್‌ಜಿ ಆಗಲಿ, 1 ಅಂದರೆ 1.

ಸೈಲೆನ್ಸರ್ ಕಡೆಯ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ಸೆನ್ಸರ್ ಮುಂದೆ ಒಳಬಂದರೂ ಲೀನ್ ಎಂದೇ ತೋರಿಸುತ್ತದೆ. ಮಿಸ್ ಹೊಡೆದ ಸಿಲಿಂಡರಿನಿಂದ ಉರಿಯದ ಆಮ್ಲಜನಕ ಬಂದಾಗಲೂ ಹಾಗೆಯೇ. ಆದ್ದರಿಂದ ಪ್ಲಗ್, ಕಾಯಿಲ್ ಎರಡನ್ನೂ ಒಮ್ಮೆ ನೋಡಿಯೇ ಮುಂದೆ ಹೋಗಿ.

ಮೂರನೆಯದು: ಶೇ. 10ರ ಪರೀಕ್ಷೆ

ಮ್ಯಾಪ್ ಮುಟ್ಟಬೇಡಿ ಎಂದೆ. ಪರೀಕ್ಷೆಗೆಂದು ಒಂದೇ ಸಲ ಮುಟ್ಟಿ, ಹಳೆಯ ಮ್ಯಾಪ್ ಬೇರೆ ಫೈಲ್‌ನಲ್ಲಿ ಉಳಿಸಿಕೊಂಡು. ತೊಂದರೆ ಬರುವ ಜಾಗದ ಸೆಲ್‌ಗಳಿಗೆ ಶೇ. 10 ಇಂಧನ ಸೇರಿಸಿ, ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಮೇಲೆ ಎರಡು ಮೂರು ಸೆಕೆಂಡ್ ಮಾತ್ರ ಎಳೆಸಿ ಲಾಗ್ ತೆಗೆಯಿರಿ. ಲೀನ್ ಸ್ಥಿತಿಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಎಳೆಸಿದರೆ ಪಿಸ್ಟನ್‌ಗೆ ಅಪಾಯ.

ಲ್ಯಾಂಬ್ಡಾ 1.10 ಇದ್ದದ್ದು 1.00ರ ಹತ್ತಿರ ಇಳಿದರೆ ಮ್ಯಾಪ್ ನಿಜವಾಗಿಯೂ ಕಡಿಮೆ ಇತ್ತು. ಇಳಿಯದೆ ಅಲ್ಲೇ ಉಳಿದರೆ ಮ್ಯಾಪ್ ಕೇಳಿದ ಇಂಧನ ಸಿಲಿಂಡರಿಗೆ ತಲುಪುತ್ತಿಲ್ಲ. ಆಗ ಡ್ಯೂಟಿ ನೋಡಿ. ರೈಲ್‌ನ (ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆ) ಒತ್ತಡ ಅಲುಗದೆ ನಿಂತು ಡ್ಯೂಟಿ ಶೇ. 90 ದಾಟಿದ್ದರೆ ಇಂಜೆಕ್ಟರ್ ಚಿಕ್ಕದಾಯಿತು. ಡ್ಯೂಟಿ ಇನ್ನೂ ಬಾಕಿ ಇದ್ದು ಒತ್ತಡ ಕುಸಿಯುತ್ತಿದ್ದರೆ ತೊಂದರೆ ಪಂಪಿನ ಕಡೆ. ಪಂಪಿನ ಶಕ್ತಿ ಮುಗಿದಾಗ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಷ್ಟೂ ರೈಲ್ ಒತ್ತಡ ಇನ್ನಷ್ಟು ಇಳಿಯುತ್ತದೆ. ರಾತ್ರಿಯಿಡೀ ಮ್ಯಾಪ್ ಏರಿಸುತ್ತ ಕೂತ ತಂಡಗಳಿಗೆ ಲ್ಯಾಂಬ್ಡಾ ಕೈಗೆ ಸಿಗದಿರುವುದು ಇದರಿಂದಲೇ.

ನಾಲ್ಕನೆಯದು: ಒತ್ತಡ ಕುಸಿಯುತ್ತಿದೆ, ಯಾಕೆ?

ರೈಲ್‌ಗೆ ಗೇಜ್ ಕಟ್ಟಿ. ಐಡಲಿಂಗ್‌ನಲ್ಲಿ ಸರಿಯಾಗಿದ್ದರೆ ಏನೂ ಸಾಬೀತಾಗುವುದಿಲ್ಲ, ಲೋಡ್‌ನಲ್ಲಿ ನೋಡಬೇಕು. ಒತ್ತಡ ಹಿಡಿದಿಡುವ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪ್ ಇರುವ 3 ಬಾರ್ ವ್ಯವಸ್ಥೆಯಲ್ಲಿ ಐಡಲಿಂಗ್‌ನಲ್ಲಿ ಗೇಜ್ 2.4ರ ಹತ್ತಿರ ಇರುವುದು, ಪೂರ್ತಿ ಆಕ್ಸಿಲರೇಟರಿಗೆ 3ಕ್ಕೆ ಏರುವುದು ಸಹಜ. ಏರಬೇಕಾದ ಹೊತ್ತಿನಲ್ಲಿ ಇಳಿದರೆ ಅದೇ ದೋಷ. ಇಂಜೆಕ್ಟರ್ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುವುದರಿಂದ 3ರ ಬದಲು 2.2 ಬಾರ್ ಸಿಕ್ಕರೆ ಶೇ. 14ರಷ್ಟು ಇಂಧನ ಕಡಿಮೆಯಾಯಿತು.

ನನಗೆ ಚೆನ್ನಾಗಿ ನೆನಪಿರುವ ಕಾರಿನಲ್ಲಿ ಕಂಡದ್ದು ಇದೇ 2.2. ಹೊಸ ದೊಡ್ಡ ಪಂಪ್ ಹಾಕಿದ್ದರು, ಹೊಸ ಫಿಲ್ಟರ್ ಇತ್ತು. ಪಂಪೇ ಕೆಟ್ಟಿದೆ ಎಂದು ಇನ್ನೊಂದನ್ನು ತರಿಸುವ ಮಾತು ನಡೆದಿತ್ತು. ವೈರಿಂಗ್ ನೋಡಿದಿರಾ ಎಂದು ಕೇಳಿದೆ. ಮಲ್ಟಿಮೀಟರಿನಲ್ಲಿ ಓಮ್ ಇಟ್ಟು ನೋಡಿದ್ದಾಗಿ, 0.3 ಬಂದದ್ದಾಗಿ ಹೇಳಿದರು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೇ 0.1, 0.2 ಬರುತ್ತದೆ, ಹಾಗಾಗಿ ಅವರಿಗೆ ಅದು ಸರಿಯಾಗಿಯೇ ಕಂಡಿತ್ತು.

ವೈರನ್ನು ಕರೆಂಟ್ ಹರಿಯುವಾಗಲೇ ಅಳೆಯಬೇಕು. ಎಂಜಿನ್ ಓಡುತ್ತಿರಲಿ, ಪಂಪ್ ಪೂರ್ತಿ ತಿರುಗುತ್ತಿರಲಿ. ಮೀಟರ್ ಡಿಸಿ ವೋಲ್ಟ್‌ನಲ್ಲಿಟ್ಟು ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ಪಂಪಿನ ಪಾಸಿಟಿವ್ ಪಿನ್ನಿಗೆ. ಆಮೇಲೆ ಅದೇ ರೀತಿ ಬ್ಯಾಟರಿಯ ನೆಗೆಟಿವ್‌ನಿಂದ ಪಂಪಿನ ನೆಗೆಟಿವ್ ಪಿನ್ನಿಗೆ. ಒಂದೊಂದು ಕಡೆ 0.2, 0.3 ವೋಲ್ಟಿಗಿಂತ ಹೆಚ್ಚು ಬರಬಾರದು. ಆ ಕಾರಿನಲ್ಲಿ ಪಾಸಿಟಿವ್ ಕಡೆ 0.4, ಅರ್ತ್ ಕಡೆ 2.3 ಬಂತು. ಬ್ಯಾಟರಿಯಲ್ಲಿ 13.8 ಇದ್ದರೆ ಪಂಪಿಗೆ ಸಿಗುತ್ತಿದ್ದದ್ದು 11.1 ವೋಲ್ಟ್. ಹಳೆಯ ಪಂಪ್ ಸುಮಾರು 5 ಆಂಪಿಯರ್ ಎಳೆಯುತ್ತಿತ್ತು, ಹೊಸದು 12. ಆ 12 ಆಂಪಿಯರಿಗೆ 2.3 ವೋಲ್ಟ್ ನುಂಗಲು 0.19 ಓಮ್ ಸಾಕು. ಓಮ್ ಮೀಟರಿನಲ್ಲಿ ಅದು ಕಡ್ಡಿಗಳ ಲೆಕ್ಕದಲ್ಲೇ ಕಳೆದುಹೋಗುತ್ತದೆ.

ಕಾರಣ ಹುಡುಕಲು ಹಿಂದಿನ ಸೀಟು ಎತ್ತಿದೆವು. ಟ್ಯಾಂಕ್ ಮುಚ್ಚಳದ ಪಕ್ಕದ ಬ್ರಾಕೆಟ್ಟಿಗೆ ಅರ್ತ್ ವೈರ್ ಬೋಲ್ಟ್ ಮಾಡಿತ್ತು. ಬ್ರಾಕೆಟ್ಟಿಗೆ ತಂಡದವರು ಮುತುವರ್ಜಿಯಿಂದ ಹೊಸ ಬಣ್ಣ ಹೊಡೆದಿದ್ದರು, ಬಣ್ಣದ ಮೇಲೆಯೇ ವೈರಿನ ಟರ್ಮಿನಲ್ ಕೂತಿತ್ತು. ಬೋಲ್ಟಿನ ಥ್ರೆಡ್ಡಿನಲ್ಲಿ ಒಂದಿಷ್ಟು ಲೋಹ ಮುಟ್ಟಿದ್ದರಿಂದ ಪಂಪ್ ಹೇಗೋ ತಿರುಗುತ್ತಿತ್ತು. ಟರ್ಮಿನಲ್ ಸುತ್ತ ಬಣ್ಣ ಬಿಸಿಗೆ ಕಂದಾಗಿ ಗುಳ್ಳೆ ಎದ್ದಿತ್ತು. ಬೆರಳಿಟ್ಟರೆ ಬಿಸಿ ತಾಗುತ್ತಿತ್ತು. ಬಣ್ಣ ಕೆರೆದು, ದಪ್ಪ ವೈರನ್ನು ನೇರ ಬ್ಯಾಟರಿಗೆ ಎಳೆದು, ಪಾಸಿಟಿವ್‌ಗೆ ಬೇರೆ ರಿಲೇ, ಬೇರೆ ಫ್ಯೂಸ್ ಕೊಟ್ಟ ಮೇಲೆ ಲೋಡ್‌ನಲ್ಲೂ ಒತ್ತಡ 3 ಬಾರ್ ಬಿಟ್ಟು ಕದಲಲಿಲ್ಲ.

ವೋಲ್ಟೇಜ್ ಸರಿಯಿದ್ದೂ ಒತ್ತಡ ಬೀಳುತ್ತಿದ್ದರೆ ಫಿಲ್ಟರ್ ಬಿಚ್ಚಿ, ಒಳಬರುವ ಕಡೆಯಿಂದ ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಹಳೆಯ ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತ ಪೆಟ್ರೋಲಿನ ಜಿಡ್ಡನ್ನು ಎಥನಾಲ್ ಎಬ್ಬಿಸಿ ತರುತ್ತದೆ. ಬದಲಿಸಿದ ಮೊದಲ ಒಂದೆರಡು ಟ್ಯಾಂಕ್ ಮುಗಿಯುವಷ್ಟರಲ್ಲಿ ಹೊಸ ಫಿಲ್ಟರ್ ಕೂಡ ಕಟ್ಟಿಕೊಳ್ಳಬಹುದು. ಬಟ್ಟೆಯ ಮೇಲೆ ಬಿಳಿ ಪುಡಿಯೋ ಅಂಟೋ ಕಂಡರೆ ಅಲ್ಯೂಮಿನಿಯಂ ಅಥವಾ ಸತುವಿನ ಭಾಗ ಯಾವುದೋ ಸವೆಯುತ್ತಿದೆ. ಕಪ್ಪು ಚೂರುಗಳಾದರೆ ರಬ್ಬರ್. ಇ85 ತಾಳುವ ಸ್ಟೇನ್‌ಲೆಸ್ ಸ್ಟೀಲ್, ಟೆಫ್ಲಾನ್ ಪೈಪ್, ವಿಟಾನ್ ಓ-ರಿಂಗ್ ಹಾಕಿ. ಟ್ಯಾಂಕಿನ ಒಳಗೆ ಪಂಪಿನಿಂದ ಮುಚ್ಚಳಕ್ಕೆ ಹೋಗುವ ಗೇಣುದ್ದದ ಪೈಪನ್ನು ಮಾತ್ರ ಮರೆಯಲೇಬೇಡಿ. ಹೊರಗಿನ ಬಳಕೆಯ ಪೈಪನ್ನು ಅಲ್ಲಿ ಹಾಕಿದರೆ ಉಬ್ಬಿ, ಸೀಳಿ, ಇಂಧನವನ್ನು ಟ್ಯಾಂಕಿಗೇ ವಾಪಸ್ ಚೆಲ್ಲುತ್ತದೆ. ಹೊರಗೆ ಒಂದು ಹನಿ ಸೋರುವುದಿಲ್ಲ, ಒತ್ತಡ ಮಾತ್ರ ಇಲ್ಲ. ಇದರ ನಡುವೆ ಟ್ಯಾಂಕಿನ ಕ್ಯಾಪ್ ಸಡಿಲಿಸಿ ಒಮ್ಮೆ ಓಡಿಸಿ ನೋಡಿರಿ. ಗಾಡಿ ಸರಿಹೋದರೆ ಟ್ಯಾಂಕಿಗೆ ಗಾಳಿ ಬಿಡುವ ಬ್ರೀದರ್ ಕಟ್ಟಿಕೊಂಡಿದೆ.

ತಣ್ಣಗಿದ್ದಾಗ ಸ್ಟಾರ್ಟ್ ಆಗದಿರುವುದು

ಇದು ಬೇರೆಯೇ ದೋಷ. ಎರಡೂ ಒಟ್ಟಿಗೆ ಬಂದವು ಎಂದ ಮಾತ್ರಕ್ಕೆ ಕಾರಣ ಒಂದೇ ಎಂದುಕೊಳ್ಳಬೇಡಿ.

ಪೆಟ್ರೋಲಿನಲ್ಲಿ ಚಳಿಯಲ್ಲೂ ಬೇಗ ಆವಿಯಾಗುವ ಹಗುರ ಅಂಶಗಳಿವೆ. ಎಥನಾಲ್ ಒಂದೇ ವಸ್ತು, ಕುದಿಯುವುದು 78 ಡಿಗ್ರಿಗೆ, ಆವಿಯಾಗಲು ಎಳೆದುಕೊಳ್ಳುವ ಶಾಖ ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು. ಬ್ರೆಜಿಲ್‌ನಲ್ಲಿ 1979ರಲ್ಲಿ ಬಂದ ಎಥನಾಲ್ ಫಿಯೆಟ್ 147ರಿಂದ ಹಿಡಿದು 2003ರ ಫೋಕ್ಸ್‌ವ್ಯಾಗನ್ ಗೋಲ್ ಟೋಟಲ್ ಫ್ಲೆಕ್ಸ್‌ನ ಕಾಲದವರೆಗೂ ತಣ್ಣನೆಯ ಸ್ಟಾರ್ಟ್‌ಗೆಂದೇ ಬಾನೆಟ್ಟಿನಡಿ ಪೆಟ್ರೋಲಿನ ಪುಟ್ಟ ಟ್ಯಾಂಕ್ ಇಡುತ್ತಿದ್ದರು. 1998ರಿಂದ 2000ರವರೆಗೆ ಅಮೆರಿಕ, ಕೆನಡಾಗಳ ವಿದ್ಯಾರ್ಥಿಗಳು ಮೊದಲು ಷೆವ್ರೊಲೆ ಮಾಲಿಬು, ನಂತರ ಸಿಲ್ವರಾಡೊ ಗಾಡಿಗಳನ್ನು ಇ85ಗೆ ಬದಲಿಸಿದ ಎಥನಾಲ್ ವೆಹಿಕಲ್ ಚಾಲೆಂಜ್‌ನಲ್ಲೂ ತಣ್ಣನೆಯ ಸ್ಟಾರ್ಟ್ ಒಂದು ಪರೀಕ್ಷೆಯಾಗಿತ್ತು.

ಹತ್ತು ಸೆಕೆಂಡ್ ಸೆಲ್ಫ್ ಹೊಡೆದ ಕೂಡಲೇ ಒಂದು ಪ್ಲಗ್ ಬಿಚ್ಚಿ. ಒಣಗಿದ್ದರೆ ಇಂಧನ ಬರುತ್ತಿಲ್ಲ. ರಾತ್ರಿಯಲ್ಲಿ ರೈಲ್ ಖಾಲಿಯಾಗುತ್ತಿದೆಯೇ ಎಂದು ಗೇಜ್ ಕಟ್ಟಿಟ್ಟು ನೋಡಿ. ಎಂಜಿನ್ ನಿಲ್ಲಿಸಿದ ಕೆಲವೇ ನಿಮಿಷದಲ್ಲಿ ಒತ್ತಡ ಶೂನ್ಯಕ್ಕೆ ಬಿದ್ದರೆ ಕಾರಣ ಇಂಧನ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಅಥವಾ ಸೋರುವ ಇಂಜೆಕ್ಟರ್. ಪ್ಲಗ್ ಒದ್ದೆಯಿದ್ದರೆ ಇಂಧನ ಬಂದಿದೆ, ಆವಿಯಾಗಿಲ್ಲ ಅಥವಾ ಕಿಡಿ ಸಾಲದು. ಇನ್‌ಟೇಕ್‌ಗೆ ಸ್ಟಾರ್ಟಿಂಗ್ ಸ್ಪ್ರೇ ತುಸು ಹೊಡೆದಾಗ ಕೂಡಲೇ ಹೊತ್ತಿಕೊಂಡರೆ ಕಿಡಿ ಚೆನ್ನಾಗಿದೆ, ಆವಿ ಸಾಲದು. ಆಗ ಕ್ರ್ಯಾಂಕಿಂಗ್ ಟೇಬಲ್ (ಸೆಲ್ಫ್ ಹೊಡೆಯುವಾಗಿನ ಇಂಧನದ ಕೋಷ್ಟಕ) ಹೆಚ್ಚಿಸುವುದು ಸರಿಯಾದ ಮದ್ದು.

ಅದಕ್ಕೂ ಮೊದಲು ರಾತ್ರಿ ನಿಂತ ಗಾಡಿಯಲ್ಲಿ ಕೂಲೆಂಟ್ ಸೆನ್ಸರ್ ಎಷ್ಟು ಓದುತ್ತಿದೆ ಎಂದು ನೋಡಿ. ಹೊರಗಿನ ಉಷ್ಣತೆಗೂ ಅದಕ್ಕೂ ಎರಡು ಮೂರು ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಸೆನ್ಸರ್ 10 ಡಿಗ್ರಿಯ ಬೆಳಗನ್ನು 30 ಎಂದು ಓದಿದರೆ ಇಸಿಯು 30 ಡಿಗ್ರಿಯ ಎಂಜಿನ್ನಿಗೆ ಕೊಡುವಷ್ಟೇ ಇಂಧನ ಕೊಡುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಇಂಜೆಕ್ಟರ್ ತೆರೆಯುವುದೂ ತಡವಾಗುತ್ತದೆ.

ನಾನು ಹೇಳಿದ ಆ ಕಾರಿನ ಬೆಳಗಿನ ತಕರಾರಿಗೆ ಕಾರಣ ತಂಡದವರೇ ಸೇರಿಸಿದ ಇಂಧನ. ಲೋಡ್‌ನ ಲೀನ್ ಕಳೆಯಲು ಅವರು ಕೊನೆಗೆ ಇಡೀ ಮ್ಯಾಪನ್ನೇ ಶೇ. 16 ಏರಿಸಿದ್ದರು. ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಆಕ್ಸಿಜನ್ ಸೆನ್ಸರ್ ಅದನ್ನು ಕಡಿತ ಮಾಡಿ ಸರಿದೂಗಿಸುತ್ತಿತ್ತು, ತಣ್ಣಗಿದ್ದಾಗ ಕಡಿತ ಮಾಡುವವರಿಲ್ಲ. ಪ್ಲಗ್‌ಗಳು ನೆನೆದು ಮಸಿ ಹಿಡಿದಿದ್ದವು. ಮ್ಯಾಪನ್ನು ಲೆಕ್ಕದ ಶೇ. 42ಕ್ಕೆ ವಾಪಸ್ ತಂದು, ಹೊಸ ಪ್ಲಗ್ ಹಾಕಿ, ಎಂಜಿನ್ ಆಯಿಲ್ ಬದಲಿಸಿದೆವು. ಆಯಿಲ್ ಡಿಪ್‌ಸ್ಟಿಕ್‌ನಿಂದಲೇ ಸ್ಪಿರಿಟ್ ವಾಸನೆ ಹೊಡೆಯುತ್ತಿತ್ತು. ಹಾಗೇ ಬಿಟ್ಟಿದ್ದರೆ ಬೇರಿಂಗ್‌ಗೆ ಕೇಡು, ಬಿಸಿಯಾದಾಗ ಆ ಆವಿ ಇನ್‌ಟೇಕ್ ಸೇರಿ ಮತ್ತೆ ರಿಚ್. ಮರುದಿನ ಬೆಳಿಗ್ಗೆ ಎರಡನೇ ಸೆಲ್ಫ್‌ಗೆ ಗಾಡಿ ಸ್ಟಾರ್ಟ್ ಆಯಿತು.

ರಿಪೇರಿ ಆದಮೇಲೆ

ದೋಷ ಕಂಡಿದ್ದ ಅದೇ ಗೇರ್, ಅದೇ ಆರ್‌ಪಿಎಂ, ಅದೇ ಲೋಡ್‌ನಲ್ಲಿ ಮತ್ತೊಮ್ಮೆ ಎಳೆಸಿ, ಒತ್ತಡ, ಪಂಪಿನ ವೋಲ್ಟೇಜ್, ಡ್ಯೂಟಿ, ಲ್ಯಾಂಬ್ಡಾ ನಾಲ್ಕನ್ನೂ ಒಂದೇ ಲಾಗ್‌ನಲ್ಲಿ ತೆಗೆದಿಡಿ. ಟ್ಯಾಂಕಿನಿಂದ ಕಾಲು ಲೀಟರ್ ಇಂಧನವನ್ನು ಬಿಗಿ ಮುಚ್ಚಳದ ಲೋಹದ ಡಬ್ಬಿಗೆ ತುಂಬಿ ದಿನಾಂಕ, ಹರ್ಟ್ಝ್ ಬರೆದು ಅಂಟಿಸಿ. ಸ್ಪರ್ಧೆಯ ಜಾಗದಲ್ಲಿ ಆಯೋಜಕರೇ ಇಂಧನ ತುಂಬಿಸುವುದಾದರೆ ಅದು ನಿಮ್ಮ ಡ್ರಮ್ಮಿನ ಇಂಧನವಲ್ಲ. ತುಂಬಿಸಿದ ಮೇಲೆ ಲೈನಿನಲ್ಲಿ ಉಳಿದ ಹಳೆಯದು ಖಾಲಿಯಾಗುವಷ್ಟು ಹೊತ್ತು ಐಡಲಿಂಗ್‌ನಲ್ಲಿ ಬಿಟ್ಟು, ಸೆನ್ಸರಿನ ಹರ್ಟ್ಝ್ ಓದಿ, ಡಬ್ಬಿಯ ಮೇಲಿನ ಅಂಕಿಯ ಜೊತೆ ತಾಳೆ ನೋಡಿದ ನಂತರವೇ ಕಾರನ್ನು ಟ್ರ್ಯಾಕಿಗೆ ಇಳಿಸಿ.